‘ಓಣಿಯಲ್ಲಿ ನಿಂತಿದ್ದೆ ಅಷ್ಟೇ’: ಇಂಗ್ಲೆಂಡಿನ ಒಂದು ಮನೆಗಳ್ಳತನ ಪ್ರಕರಣದ ಅಧ್ಯಯನ

ಇದು ಇಂಗ್ಲೆಂಡಿನ ಸಾಲಿಸಿಟರ್ (ಅಲ್ಲಿಯ ವಕೀಲ) ಪರೀಕ್ಷೆಗೆ ಓದುವವರ ಅಭ್ಯಾಸಕ್ಕೆಂದು ಕಟ್ಟಿದ ಪ್ರಕರಣ. ಘಟನೆ ಕಲ್ಪಿತ, ಕಾನೂನು ಅಸಲಿ. ಘಟನೆಯ ದಿನವನ್ನು 2025ರ ಮಾರ್ಚ್ 4, ಮಂಗಳವಾರ ಎಂದು ಗೊತ್ತುಮಾಡಿರುವುದಕ್ಕೆ ಕಾರಣವಿದೆ. ಇಂಗ್ಲೆಂಡಿನ ಶಿಕ್ಷೆಯ ಕಾನೂನು ಒಂದೆಡೆ ನಿಲ್ಲುವುದಿಲ್ಲ. ಮ್ಯಾಜಿಸ್ಟ್ರೇಟ್ ಕೋರ್ಟು ಒಂದು ಅಪರಾಧಕ್ಕೆ ಕೊಡಬಹುದಾದ ಜೈಲು 2022ರ ಮೇ ತಿಂಗಳಲ್ಲಿ 6 ತಿಂಗಳಿಂದ 12ಕ್ಕೆ ಏರಿತು, 2023ರ ಮಾರ್ಚ್‌ನಲ್ಲಿ 6ಕ್ಕೆ ಇಳಿಯಿತು, 2024ರ ನವೆಂಬರ್ 18ರಂದು ಮತ್ತೆ 12 ಆಯಿತು. ದಿನಾಂಕ ನೋಡದೆ ಉತ್ತರ ಬರೆದವರು ಅರ್ಧ ದಾರಿಯಲ್ಲೇ ಎಡವುತ್ತಾರೆ. ಇಲ್ಲಿರುವುದೆಲ್ಲ ಆ ದಿನಕ್ಕೆ ಅನ್ವಯವಾಗುವ ಕಾನೂನು.

ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಊರು, ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು, ಹಿಂದೆ ಕಿರಿದಾದ ಓಣಿ. ಸಂಜೆ 6.40, ಕತ್ತಲಾಗಿತ್ತು. ಮನೆಯಾಕೆ ಮಹಡಿಯಲ್ಲಿದ್ದರು. ಯಾರೋ ಹಿಂಬಾಗಿಲ ಚೌಕಟ್ಟನ್ನು ಮೀಟಿ ಒಳಬಂದು, ಕೆಳಗಿದ್ದ ಲ್ಯಾಪ್‌ಟಾಪ್ ಎತ್ತಿಕೊಂಡು, ಪಕ್ಕದ ಗೇಟಿನಿಂದ ಹೊರಹೋದರು. ಎದುರುಮನೆಯವರು ಸುಮಾರು 22 ಮೀಟರ್ ದೂರದಿಂದ, ಬೀದಿದೀಪದ ಬೆಳಕಿನಲ್ಲಿ, ನಾಲ್ಕು ಸೆಕೆಂಡಿನಷ್ಟು ಹೊತ್ತು ಆ ವ್ಯಕ್ತಿಯನ್ನು ನೋಡಿದರು. ನಡುವೆ ಒಂದು ವ್ಯಾನ್ ನಿಂತಿತ್ತು. ‘ತೆಳ್ಳಗಿದ್ದ, ಇಪ್ಪತ್ತೈದು ಮೂವತ್ತರವನು, ಕಪ್ಪು ಜಾಕೆಟ್, ತೋಳಿನಲ್ಲಿ ಬಿಳಿ ಪಟ್ಟಿ’ ಎಂದು ಪೊಲೀಸರಿಗೆ ಹೇಳಿದರು. ಒಂದು ಮನೆಯ ಡೋರ್‌ಬೆಲ್ ಕ್ಯಾಮೆರಾದಲ್ಲಿ 6.31ಕ್ಕೆ ಓಣಿಯ ಬಾಯಿಗೆ ಬಂದ ಒಬ್ಬನ ಚಿತ್ರವಿದೆ. ಜಾಕೆಟ್ ಕಾಣುತ್ತದೆ, ಮುಖ ಕಾಣುವುದಿಲ್ಲ.

ರಾತ್ರಿ 9.10ಕ್ಕೆ ಒಂದೂವರೆ ಕಿಲೋಮೀಟರ್ ದೂರದಲ್ಲಿ ಅಂಥದೇ ಜಾಕೆಟ್ ತೊಟ್ಟ 27 ವರ್ಷದವನೊಬ್ಬನನ್ನು ಬಂಧಿಸಿ, ಸುಮ್ಮನಿರಬಹುದು ಆದರೆ ಹೇಳಿದ್ದೂ ಹೇಳದೆ ಬಿಟ್ಟದ್ದೂ ಕೋರ್ಟಿನಲ್ಲಿ ಬರಬಹುದು ಎಂಬ ಎಚ್ಚರಿಕೆಯ ಮಾತು ಹೇಳಿದರು. ಅವನ ಬೆನ್ನುಚೀಲದಲ್ಲಿ 8 ಮಿ.ಮೀ. ಅಗಲದ ಸ್ಕ್ರೂಡ್ರೈವರ್ ಇತ್ತು, ಲ್ಯಾಪ್‌ಟಾಪ್ ಇರಲಿಲ್ಲ. ಠಾಣೆಗೆ ಹೋಗುವಾಗ ಕಾರಿನಲ್ಲಿ ಒಬ್ಬ ಅಧಿಕಾರಿ ‘ಒಳಗೆ ನಿನ್ನ ಜೊತೆ ಇನ್ಯಾರಿದ್ದರು?’ ಎಂದು ಕೇಳಿದರು. ‘ನಾನು ಒಳಗೆ ಹೋಗೇ ಇಲ್ಲ, ಓಣಿಯಲ್ಲಿ ನಿಂತಿದ್ದೆ ಅಷ್ಟೇ’ ಎಂದ. ಅಧಿಕಾರಿಯ ಎದೆಯ ಮೇಲಿದ್ದ ಕ್ಯಾಮೆರಾ ಇದನ್ನು ದಾಖಲಿಸಿತು. 10.15ಕ್ಕೆ ಇನ್ನೊಬ್ಬ ಅಧಿಕಾರಿ ಎದುರುಮನೆಗೆ ಹೋಗಿ, ಠಾಣೆಯಲ್ಲಿ ಆಗಷ್ಟೇ ತೆಗೆದ ಆರೋಪಿಯ ಫೋಟೊವನ್ನು ತನ್ನ ಫೋನಿನಲ್ಲಿ ತೋರಿಸಿದರು. ಮರುದಿನ ಬೆಳಿಗ್ಗೆ 11ಕ್ಕೆ ಸಾಲಿಸಿಟರ್ ಪಕ್ಕದಲ್ಲಿ ಕೂತಿದ್ದಾಗ ನಡೆದ ವಿಚಾರಣೆಯಲ್ಲಿ ಆರೋಪಿ ಪ್ರತಿ ಪ್ರಶ್ನೆಗೂ ‘ನೋ ಕಾಮೆಂಟ್’ ಎಂದ. ಮಧ್ಯಾಹ್ನ 3ಕ್ಕೆ, ಹೋಲುವ ಹಲವು ಮುಖಗಳನ್ನು ತೋರಿಸುವ ಗುರುತಿನ ವಿಡಿಯೊದಲ್ಲಿ ಎದುರುಮನೆಯವರು ಅವನನ್ನೇ ಗುರುತಿಸಿದರು. ಸಂಜೆ 6ಕ್ಕೆ ಆರೋಪ ದಾಖಲಾಯಿತು.

ಸಾಲಿಸಿಟರಿಗೆ ಅವನು ಹೇಳಿದ್ದು ಇಷ್ಟು: ಹಳೆಯ ಸೈಕಲ್ ಮಾರುವ ಜಾಹೀರಾತು ನೋಡಿ ಓಣಿಗೆ ಬಂದಿದ್ದೆ, ಮಾರುವವನು ಬರಲಿಲ್ಲ, ಅಷ್ಟರಲ್ಲಿ ಬೇರೊಬ್ಬ ಗೇಟಿನಿಂದ ಓಡಿಹೋದ. ಹಳೆಯ ದಾಖಲೆಯಲ್ಲಿ ಎರಡು ಮನೆಗಳ್ಳತನಗಳಿವೆ. ಒಂದು 2018ರ ಮೇನಲ್ಲಿ ಮಾಡಿದ್ದು, ಸೆಪ್ಟೆಂಬರ್‌ನಲ್ಲಿ ಶಿಕ್ಷೆಯಾದದ್ದು. ಇನ್ನೊಂದು 2021ರ ಜನವರಿಯಲ್ಲಿ ಮಾಡಿದ್ದು, ಜೂನ್‌ನಲ್ಲಿ ಶಿಕ್ಷೆಯಾದದ್ದು.

ಠಾಣೆಯಲ್ಲಿ ಎರಡು ಗಡಿಯಾರ

ಪೊಲೀಸ್ ಅಂಡ್ ಕ್ರಿಮಿನಲ್ ಎವಿಡೆನ್ಸ್ ಆ್ಯಕ್ಟ್ 1984 ಅನ್ನು ಅಲ್ಲಿಯ ವಕೀಲರು ಬರೀ ‘ಪೇಸ್’ ಎನ್ನುತ್ತಾರೆ. ಅದರಡಿ ಎರಡು ಗಡಿಯಾರಗಳು ಓಡುತ್ತವೆ, ಎರಡೂ ಒಂದೇ ಕ್ಷಣದಲ್ಲಿ ಶುರುವಾಗುವುದಿಲ್ಲ. ಆರೋಪಿ ಠಾಣೆ ಮುಟ್ಟಿದ್ದು 9.35ಕ್ಕೆ. ಕಲಂ 41ರ 24 ಗಂಟೆ ಅಲ್ಲಿಂದ ಲೆಕ್ಕ, ಅಂದರೆ ಮರುದಿನ ರಾತ್ರಿ 9.35ರವರೆಗೆ. ಕಸ್ಟಡಿ ಆಫೀಸರ್, ಅಂದರೆ ಠಾಣೆಯಲ್ಲಿ ಬಂಧಿತರ ಹೊಣೆ ಹೊತ್ತ ಅಧಿಕಾರಿ, ಅವನನ್ನು ಠಾಣೆಯಲ್ಲಿ ಇರಿಸಿಕೊಳ್ಳಲು ಒಪ್ಪಿಗೆ ಕೊಟ್ಟದ್ದು 9.50ಕ್ಕೆ. ಅವನನ್ನು ಇನ್ನೂ ಇರಿಸಿಕೊಳ್ಳಬೇಕೇ ಎಂದು ನೋಡುವ ಕಲಂ 40ರ ಪರಿಶೀಲನೆಗಳು ಅಲ್ಲಿಂದ ಲೆಕ್ಕ: ಮೊದಲನೆಯದು 6 ಗಂಟೆಯೊಳಗೆ, ಅಂದರೆ ಬೆಳಗಿನ ಜಾವ 3.50ಕ್ಕೆ ಮುಂಚೆ, ಎರಡನೆಯದು ಅದಾದ 9 ಗಂಟೆಯೊಳಗೆ, ಹೆಚ್ಚೆಂದರೆ ಮಧ್ಯಾಹ್ನ 12.50. ಪರೀಕ್ಷೆಯಲ್ಲಿ ಬಂಧನದ ಸಮಯ, ಠಾಣೆ ತಲುಪಿದ ಸಮಯ, ಒಪ್ಪಿಗೆಯ ಸಮಯ ಮೂರನ್ನೂ ಕೊಟ್ಟಿರುವುದು ಯಾವುದು ಯಾವುದಕ್ಕೆ ಎಂದು ನೋಡಲಿಕ್ಕೇ. ಬಂಧನದ 9.10 ಈ ಎರಡಕ್ಕೂ ಸಂಬಂಧಿಸಿಲ್ಲ.

24 ಗಂಟೆ ಸಾಲದಿದ್ದರೆ, ಇಂಥ ಗಂಭೀರ ಅಪರಾಧಕ್ಕೆ ಸೂಪರಿಂಟೆಂಡೆಂಟ್ ದರ್ಜೆಯವರು 36 ಗಂಟೆಯವರೆಗೆ ವಿಸ್ತರಿಸಬಹುದು. ಅದರಾಚೆಗೆ ಮ್ಯಾಜಿಸ್ಟ್ರೇಟರ ವಾರಂಟ್ ಬೇಕು, ಒಟ್ಟು ಮಿತಿ 96 ಗಂಟೆ. ಇಲ್ಲಿ ಅದರ ಅಗತ್ಯ ಬೀಳಲಿಲ್ಲ.

ಬೆಂಗಳೂರಲ್ಲೋ ಧಾರವಾಡದಲ್ಲೋ ಎಲ್‌ಎಲ್‌.ಬಿ. ಓದಿ ಅಲ್ಲಿಯ ಸಾಲಿಸಿಟರ್ ಪರೀಕ್ಷೆಗೆ ಕೂರುವವರಿಗೆ ಇಲ್ಲೊಂದು ತೊಡಕು. ನಮ್ಮಲ್ಲಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು, ಬೇಕಿದ್ದರೆ ಅಲ್ಲಿಂದ ಪೊಲೀಸ್ ಕಸ್ಟಡಿಗೆ ರಿಮ್ಯಾಂಡ್, ಆರೋಪಪಟ್ಟಿ ಎಷ್ಟೋ ವಾರಗಳ ನಂತರ. ಅಲ್ಲಿ ಕ್ರಮ ತಿರುವುಮುರುವು: ಮೊದಲು ವಿಚಾರಣೆ ಮುಗಿಸಬೇಕು, ಆರೋಪ ಹೊರಿಸಬೇಕು, ಆಮೇಲೆ ಕೋರ್ಟು. ಆರೋಪ ಹೊರಿಸಿದ ಮೇಲೆ ಆ ಅಪರಾಧದ ಬಗ್ಗೆ ಪ್ರಶ್ನಿಸಲು ಬಹುಮಟ್ಟಿಗೆ ಅವಕಾಶವೇ ಇಲ್ಲ. ಹಾಗಾಗಿ ಠಾಣೆಯ ಆ ಮೊದಲ ದಿನಕ್ಕೆ ಅಷ್ಟು ತೂಕ. ಉಚಿತ ಸಾಲಿಸಿಟರ್ ಸಿಗುವುದೂ ಅದಕ್ಕೇ. ಆದಾಯ ಎಷ್ಟೆಂದು ಯಾರೂ ಕೇಳುವುದಿಲ್ಲ.

ಕಾರಿನಲ್ಲಿ ಬಂದ ಮಾತು

ಭಾರತದಲ್ಲಿ ಓದಿದವರ ಪೆನ್ನು ಇಲ್ಲಿ ತಾನಾಗಿ ಓಡುತ್ತದೆ: ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. 1872ರ ಕಾಯ್ದೆಯ ಕಲಂ 25 ಹಾಗೆ ಹೇಳುತ್ತಿತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 23 ಹೇಳುತ್ತದೆ. ಇಂಗ್ಲೆಂಡಿನಲ್ಲಿ ಅಂಥ ನಿಷೇಧವಿಲ್ಲ. ಪೊಲೀಸರಿಗೆ ಹೇಳಿದ್ದೂ ಸಾಕ್ಷ್ಯವೇ, ಕೆಡಿಸುವ ಕಾರಣ ಇಲ್ಲದಿದ್ದರೆ.

ಮೊದಲು ಇದು ತಪ್ಪೊಪ್ಪಿಗೆಯೇ? ‘ಒಳಗೆ ಹೋಗಿಲ್ಲ’ ಎಂದವನು ಏನು ಒಪ್ಪಿದ? ಪೇಸ್‌ನ ಕಲಂ 82(1)ರ ಪ್ರಕಾರ, ಹೇಳಿದವನಿಗೆ ಪೂರ್ತಿಯಾಗಿಯೋ ಭಾಗಶಃವಾಗಿಯೋ ಪ್ರತಿಕೂಲವಾದ ಯಾವ ಹೇಳಿಕೆಯೂ ತಪ್ಪೊಪ್ಪಿಗೆ. ‘ಓಣಿಯಲ್ಲಿ ನಿಂತಿದ್ದೆ’ ಎಂಬುದು ಅವನನ್ನು ಸ್ಥಳದಲ್ಲಿ ನಿಲ್ಲಿಸುತ್ತದೆ, ಅಷ್ಟು ಸಾಕು.

ತೆಗೆದುಹಾಕುವ ದಾರಿಗಳು ಎರಡು. ಕಲಂ 76(2)ರಲ್ಲಿ ಒಂದೋ ದಬ್ಬಾಳಿಕೆ ಇರಬೇಕು, ಇಲ್ಲವೇ ಹೇಳಿಕೆಯನ್ನು ನಂಬಲಾಗದಂತೆ ಮಾಡುವಂಥ ಏನೋ ನಡೆದಿರಬೇಕು. ಆ ಪ್ರಶ್ನೆ ಎತ್ತಿದ ಮೇಲೆ ಅಂಥದ್ದೇನೂ ಆಗಿಲ್ಲವೆಂದು ಸಂದೇಹಾತೀತವಾಗಿ ತೋರಿಸುವುದು ಪ್ರಾಸಿಕ್ಯೂಷನ್ನಿನ ಹೊಣೆ. ಒಂದು ಪ್ರಶ್ನೆ, ಒಂದು ಉತ್ತರ, ಅದೂ ವಿಡಿಯೊದಲ್ಲಿ ಇರುವಾಗ ಈ ದಾರಿ ಮುಚ್ಚಿದಂತೆಯೇ. ಉಳಿದದ್ದು ಕಲಂ 78, ನ್ಯಾಯಯುತತೆ: ಸೇರಿಸಿದರೆ ಮೊಕದ್ದಮೆ ಅನ್ಯಾಯವಾಗುವಂಥ ಸಾಕ್ಷ್ಯವನ್ನು ಕೋರ್ಟು ಹೊರಗಿಡಬಹುದು. ಬಂಧಿತರನ್ನು ಇರಿಸಿಕೊಳ್ಳುವ, ಪ್ರಶ್ನಿಸುವ ನಿಯಮಗಳಿರುವ ಪೇಸ್‌ನ ಕೋಡ್ ಸಿ ಪ್ರಕಾರ ಬಂಧಿಸಲು ನಿರ್ಧರಿಸಿದ ಮೇಲೆ ಅಪರಾಧದ ಬಗ್ಗೆ ಪ್ರಶ್ನಿಸುವುದು ಠಾಣೆಯಲ್ಲೇ ಆಗಬೇಕು. ಕಾರಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆಯಾದರೂ ಅದು ವಿಚಾರಣೆಯೇ, ಏಕೆಂದರೆ ಅಪರಾಧದಲ್ಲಿ ಅವನ ಪಾಲಿನ ಬಗ್ಗೆ ಕೇಳಿದ್ದು. ಕದ್ದ ಮಾಲು ಸಿಗುವುದಕ್ಕೆ ಅಡ್ಡಿಯಾಗುತ್ತಿತ್ತು ಎಂಬ ವಿನಾಯಿತಿಯನ್ನು ಪ್ರಾಸಿಕ್ಯೂಷನ್ ಹಿಡಿಯಬಹುದು. ಆದರೆ ಅಧಿಕಾರಿ ಕೇಳಿದ್ದು ಲ್ಯಾಪ್‌ಟಾಪ್ ಎಲ್ಲಿ ಎಂದಲ್ಲ, ಜೊತೆಗೆ ಯಾರಿದ್ದರು ಎಂದು. ಉಲ್ಲಂಘನೆ ಆಗಿದೆ ಎಂದೇ ಬರೆಯಬೇಕು.

ಉಲ್ಲಂಘನೆ ಆದ ಮಾತ್ರಕ್ಕೆ ಸಾಕ್ಷ್ಯ ಹೋಗುವುದಿಲ್ಲ. ಅದು ಗಣನೀಯವೂ ಸತ್ವವುಳ್ಳದ್ದೂ ಆಗಿರಬೇಕು ಎಂಬುದು 1990ರ ಕೀನನ್, ವಾಲ್ಶ್ ತೀರ್ಪುಗಳಿಂದ ಬಂದ ಅಳತೆ. ಪೊಲೀಸರು ಆರೋಪಿಯ ಬಾಯಿಗೆ ಮಾತು ತುರುಕುವುದನ್ನು ತಡೆಯುವುದು ಈ ನಿಯಮದ ಒಂದು ಉದ್ದೇಶ, ಅದನ್ನು ಕ್ಯಾಮೆರಾ ಪೂರೈಸಿದೆ. ಇನ್ನೊಂದು ಉದ್ದೇಶ ಸಾಲಿಸಿಟರ್ ಜೊತೆ ಮಾತಾಡಿದ ಮೇಲೆ ಉತ್ತರಿಸುವ ಅವಕಾಶ, ಅದು ತಪ್ಪಿಹೋಗಿದೆ. ವಾದಕ್ಕೆ ಜಾಗವಿದೆ, ಗೆಲುವು ಖಚಿತವಲ್ಲ.

ಬಹುತೇಕ ಉತ್ತರಗಳು ಇಲ್ಲಿಗೆ ನಿಲ್ಲುತ್ತವೆ: ‘ಆದ್ದರಿಂದ ಕಲಂ 78ರಡಿ ಅರ್ಜಿ ಹಾಕಬೇಕು.’ ನಿಜಕ್ಕೂ ಹಾಕಬೇಕೆ? ಆರೋಪಿಯ ಪ್ರತಿವಾದವನ್ನು ಇನ್ನೊಮ್ಮೆ ಓದಿ. ಓಣಿಯಲ್ಲಿದ್ದೆ ಎಂಬುದು ಅವನ ವಾದದ ಅಡಿಪಾಯ. ಗಂಭೀರ ಅಪರಾಧಗಳು ಜ್ಯೂರಿಯ ಮುಂದೆ ನಡೆಯುವ ಕ್ರೌನ್ ಕೋರ್ಟಿನಲ್ಲಿ 1996ರ ಕ್ರಿಮಿನಲ್ ಪ್ರೊಸೀಜರ್ ಅಂಡ್ ಇನ್‌ವೆಸ್ಟಿಗೇಷನ್ಸ್ ಕಾಯ್ದೆಯ ಕಲಂ 5ರಂತೆ ಅವನು ಪ್ರತಿವಾದದ ಹೇಳಿಕೆ ಸಲ್ಲಿಸಲೇಬೇಕು. ಪ್ರಾಸಿಕ್ಯೂಷನ್ ತನ್ನ ಬಹಿರಂಗಪಡಿಸುವಿಕೆ (ತನ್ನ ಬಳಿಯಿರುವ, ಪ್ರತಿವಾದಕ್ಕೆ ನೆರವಾಗಬಹುದಾದ ಸಾಮಗ್ರಿಯನ್ನು ತೋರಿಸುವುದು) ಮುಗಿಸಿದ 28 ದಿನದೊಳಗೆ. ಅದರಲ್ಲಿ ಓಣಿಯ ಮಾತು ಬರಲೇಬೇಕು, ಡೋರ್‌ಬೆಲ್ ಕ್ಯಾಮೆರಾದ ಚಿತ್ರ ಕೂಡ ಅದಕ್ಕೆ ಹೊಂದುತ್ತದೆ. ಕಾರಿನ ಮಾತನ್ನು ತೆಗೆಸಿ ಸಿಗುವ ಲಾಭ ಏನೂ ಇಲ್ಲ.

ನಷ್ಟ ಮಾತ್ರ ಇದೆ. ಆ ಮಾತು ಅವನ ಪಾಲಿಗೆ ಇರುವ ಅತಿ ಹಳೆಯ, ಅತಿ ಸಹಜ ಹೇಳಿಕೆ. ಬಂಧನವಾದ ಕೆಲವೇ ನಿಮಿಷದಲ್ಲಿ, ಯಾರ ಸಲಹೆಯೂ ಇಲ್ಲದೆ, ‘ಒಳಗೆ ಹೋಗಿಲ್ಲ’ ಎಂದವನು ಅವನು. ಇಂಥ ಮಿಶ್ರ ಹೇಳಿಕೆಯನ್ನು ಪ್ರಾಸಿಕ್ಯೂಷನ್ ಜ್ಯೂರಿಯ ಮುಂದಿಟ್ಟರೆ, ಒಪ್ಪಿದ ಭಾಗದಂತೆ ನಿರಾಕರಿಸಿದ ಭಾಗವೂ ಸಾಕ್ಷ್ಯವಾಗುತ್ತದೆ. 1988ರ ಶಾರ್ಪ್ ತೀರ್ಪಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು ಇದನ್ನೇ. ಪ್ರಾಸಿಕ್ಯೂಷನ್ ಅದನ್ನು ಬಿಟ್ಟುಬಿಟ್ಟರೆ, ಸಾಮಾನ್ಯವಾಗಿ ಆರೋಪಿ ತಾನೇ ಅದನ್ನು ತರುವಂತಿಲ್ಲ. ಕತೆಯನ್ನು ಆಮೇಲೆ ಕಟ್ಟಿದ್ದು ಎಂದು ಎದುರಾಳಿ ಆಪಾದಿಸಿದಾಗ ಮಾತ್ರ 2003ರ ಕ್ರಿಮಿನಲ್ ಜಸ್ಟಿಸ್ ಆ್ಯಕ್ಟಿನ ಕಲಂ 120 ಬಾಗಿಲು ತೆರೆಯುತ್ತದೆ. ಆದ್ದರಿಂದ ಸರಿಯಾದ ಸಲಹೆ: ಉಲ್ಲಂಘನೆಯನ್ನು ಗುರುತಿಸಿ ಇಟ್ಟುಕೊಳ್ಳಿ, ಅರ್ಜಿ ಹಾಕಬೇಡಿ.

ನೋ ಕಾಮೆಂಟ್‌ನ ಬೆಲೆ

1994ರ ಕ್ರಿಮಿನಲ್ ಜಸ್ಟಿಸ್ ಅಂಡ್ ಪಬ್ಲಿಕ್ ಆರ್ಡರ್ ಕಾಯ್ದೆಯ ಕಲಂ 34ರಂತೆ, ಕೋರ್ಟಿನಲ್ಲಿ ಆಸರೆಯಾಗಿ ಹಿಡಿಯುವ ಒಂದು ಸಂಗತಿಯನ್ನು ಪ್ರಶ್ನಿಸಿದಾಗ ಹೇಳದೆ ಬಿಟ್ಟಿದ್ದರೆ, ಆಗಲೇ ಹೇಳುವುದು ಸಹಜವಾಗಿದ್ದರೆ, ಜ್ಯೂರಿ ಆ ಮೌನದಿಂದ ಪ್ರತಿಕೂಲ ತೀರ್ಮಾನಕ್ಕೆ ಬರಬಹುದು. ಮೌನವನ್ನಲ್ಲ, ಹೇಳದೆ ಬಿಟ್ಟ ಸಂಗತಿಯನ್ನು ಹುಡುಕಬೇಕು. ಓಣಿಯಲ್ಲಿದ್ದದ್ದನ್ನು ಅವನು ಕಾರಿನಲ್ಲಿ, ಎಚ್ಚರಿಕೆ ಕೇಳಿದ ಮೇಲೆ, ಹೇಳಿಯೇ ಇದ್ದಾನೆ. ಅಷ್ಟರ ಮಟ್ಟಿಗೆ ಕಲಂ 34 ಹಿಡಿಯುವುದಿಲ್ಲ. ಕಾರಿನ ಮಾತನ್ನು ಉಳಿಸಿಕೊಳ್ಳಲು ಇದು ಎರಡನೆಯ ಕಾರಣ. ಸೈಕಲ್ಲಿನ ಜಾಹೀರಾತು, ಓಡಿಹೋದ ಇನ್ನೊಬ್ಬ, ಇವೆರಡನ್ನೂ ಅವನು ಹೇಳಿರಲಿಲ್ಲ. ಅಲ್ಲಿ ಏಟು ಬೀಳುತ್ತದೆ.

ಸಾಲಿಸಿಟರ್ ಹೇಳಿದ್ದಕ್ಕೆ ಸುಮ್ಮನಿದ್ದೆ ಎಂದರೆ ಸಾಲದು. ಆ ಸಲಹೆಯನ್ನು ಅವನು ನಿಜವಾಗಿ ನಂಬಿದ್ದ ಮಾತ್ರವಲ್ಲ, ನಂಬಿದ್ದು ಸಮಂಜಸವೂ ಆಗಿತ್ತೇ ಎಂದು ಜ್ಯೂರಿ ನೋಡುತ್ತದೆ ಎಂಬುದು 2004ರ ಬೆಕಲ್ಸ್ ತೀರ್ಪು. ಸಲಹೆಯ ಕಾರಣ ಬಿಡಿಸಿ ಹೇಳಹೊರಟರೆ ವಕೀಲ-ಕಕ್ಷಿದಾರರ ಗೋಪ್ಯತೆಯ ರಕ್ಷಣೆ ಕಳಚುವ ಅಪಾಯ ಬೇರೆ. ಇಲ್ಲಿ ಒಳ್ಳೆಯ ದಾರಿ ಇತ್ತು: ಸೈಕಲ್ಲಿನ ಸಂಗತಿ, ಓಡಿದವನ ವಿವರ ಇರುವ ಐದಾರು ಸಾಲಿನ ಲಿಖಿತ ಹೇಳಿಕೆ ಓದಿ, ಆಮೇಲೆ ನೋ ಕಾಮೆಂಟ್. ಪ್ರತಿವಾದ ಪೂರ್ತಿಯಾಗಿ ಅದರಲ್ಲಿದ್ದರೆ ಕಲಂ 34 ಹತ್ತಿರ ಬರುವುದಿಲ್ಲ ಎಂದು 2003ರ ನೈಟ್ ತೀರ್ಪು ಹೇಳಿದೆ. ಅದರ ಅಪಾಯವೂ ಗೊತ್ತಿರಲಿ: ಕೋರ್ಟಿನಲ್ಲಿ ಹೇಳುವುದು ಆ ಹೇಳಿಕೆಗೆ ಹೊಂದದಿದ್ದರೆ ಮೌನಕ್ಕಿಂತ ಕೆಟ್ಟದ್ದಾಗುತ್ತದೆ.

ಸ್ಕ್ರೂಡ್ರೈವರ್ ಬಗ್ಗೆ ಕಲಂ 36. ಅದಕ್ಕೆ ವಿಶೇಷ ಎಚ್ಚರಿಕೆ ಬೇಕು. ಯಾವ ವಸ್ತು, ಯಾವ ಅಪರಾಧ, ವಿವರಣೆ ಕೊಡದಿದ್ದರೆ ಏನಾಗಬಹುದು, ಇದನ್ನೆಲ್ಲ ಸರಳ ಮಾತಿನಲ್ಲಿ ಹೇಳಿರಬೇಕು. ವಿಚಾರಣೆಯ ಧ್ವನಿಮುದ್ರಿಕೆಯಲ್ಲಿ ಅದಿಲ್ಲದಿದ್ದರೆ ಆ ತೀರ್ಮಾನವೂ ಇಲ್ಲ. ಕಲಂ 37, ಸ್ಥಳದಲ್ಲಿದ್ದುದರ ವಿವರಣೆ, ಇಲ್ಲಿ ಹೊಂದುವುದೇ ಇಲ್ಲ: ಅಪರಾಧದ ಹೊತ್ತಿಗೆ ಪೊಲೀಸರೇ ಅವನನ್ನು ಅಲ್ಲಿ ಕಂಡಿರಬೇಕು, ಇಲ್ಲಿ ಸಿಕ್ಕಿದ್ದು ಎರಡೂವರೆ ಗಂಟೆಯ ನಂತರ ಬೇರೆ ಕಡೆ. ಬರೀ ಇಂಥ ತೀರ್ಮಾನದ ಮೇಲೆ ಯಾರನ್ನೂ ಅಪರಾಧಿ ಎನ್ನುವಂತಿಲ್ಲ ಎಂದು ಕಲಂ 38(3) ಹೇಳುತ್ತದೆ.

ಫೋನಿನಲ್ಲಿ ತೋರಿಸಿದ ಫೋಟೊ

ಕಲಂ 78ರ ಬಾಣವನ್ನು ಉಳಿಸಿಟ್ಟುಕೊಳ್ಳಬೇಕಾದದ್ದು ಇದಕ್ಕೆ. ಶಂಕಿತ ಯಾರೆಂದು ಗೊತ್ತಿದ್ದು, ಕೈಗೆ ಸಿಕ್ಕಿರುವಾಗ ಸಾಕ್ಷಿಗೆ ಫೋಟೊ ತೋರಿಸಬಾರದು ಎಂಬುದು ಪೇಸ್‌ನಡಿ ಗುರುತು ಹಿಡಿಸುವ ನಿಯಮಗಳಾದ ಕೋಡ್ ಡಿಯ ನೇರ ನಿಯಮ. 10.15ಕ್ಕೆ ಅವನು ಠಾಣೆಯ ಕೋಣೆಯಲ್ಲಿದ್ದ. ಮರುದಿನದ ವಿಡಿಯೊ ಪ್ರಕ್ರಿಯೆ ಕ್ರಮಬದ್ಧವೇ ಇರಬಹುದು, ಅವನ ಜೊತೆಗೆ ಅವನನ್ನು ಹೋಲುವ ಕನಿಷ್ಠ ಎಂಟು ಮುಖಗಳಿದ್ದಿರಬಹುದು. ಆದರೆ ಸಾಕ್ಷಿ ಗುರುತಿಸಿದ್ದು ಗೇಟಿನ ಬಳಿ ಕಂಡವನನ್ನೋ ಫೋನಿನಲ್ಲಿ ಕಂಡವನನ್ನೋ? ಈ ಪ್ರಶ್ನೆಗೆ ಉತ್ತರ ಸಾಕ್ಷಿಗೂ ಗೊತ್ತಿರಲಾರದು. ಕೆಟ್ಟದ್ದು ಒಂದು ಕ್ಷಣದಲ್ಲಿ, ತೊಳೆಯಲು ದಾರಿಯಿಲ್ಲ.

ಗುರುತು ಉಳಿದುಬಿಟ್ಟರೂ 1977ರ ಟರ್ನ್‌ಬುಲ್ ತೀರ್ಪಿನ ಎಚ್ಚರಿಕೆಯನ್ನು ನ್ಯಾಯಾಧೀಶರು ಜ್ಯೂರಿಗೆ ಕೊಡಬೇಕು. ಎಷ್ಟು ಹೊತ್ತು ನೋಡಿದರು, ಎಷ್ಟು ದೂರ, ಬೆಳಕು ಹೇಗಿತ್ತು, ಅಡ್ಡ ಏನಿತ್ತು, ಮೊದಲೇ ಪರಿಚಯವಿತ್ತೇ, ಮೊದಲ ವಿವರಣೆಗೂ ಆರೋಪಿಗೂ ಎಲ್ಲಿ ವ್ಯತ್ಯಾಸ. ಸ್ಥಳದಲ್ಲಿ ಇದ್ದೆನೆಂದು ಒಪ್ಪಿದವನಿಗೆ ಈ ಎಚ್ಚರಿಕೆ ಯಾವಾಗಲೂ ಬೇಕಿಲ್ಲ ಎಂದು 1995ರ ಸ್ಲೇಟರ್ ತೀರ್ಪು ಹೇಳುತ್ತದೆ. ಇಲ್ಲಿ ಬೇಕು, ಏಕೆಂದರೆ ಅವನ ವಾದದಲ್ಲಿ ಅಲ್ಲಿದ್ದವರು ಇಬ್ಬರು, ಒಬ್ಬನನ್ನು ಇನ್ನೊಬ್ಬನೆಂದು ಭಾವಿಸುವ ಸಾಧ್ಯತೆ ಜೀವಂತವಾಗಿದೆ. ಈ ಗುರುತು ಬಿದ್ದುಹೋದರೆ ಉಳಿಯುವುದು ಜಾಕೆಟ್, ಓಣಿ, ಚೌಕಟ್ಟಿನ ಗುರುತಿಗೆ ‘ಹೊಂದಬಹುದಾದ’ ಸ್ಕ್ರೂಡ್ರೈವರ್. ಪ್ರಾಸಿಕ್ಯೂಷನ್ ಸಾಕ್ಷ್ಯ ಮುಗಿದಾಗ 1981ರ ಗ್ಯಾಲ್‌ಬ್ರೈತ್ ತೀರ್ಪಿನಂತೆ ‘ಉತ್ತರಿಸಬೇಕಾದ ಪ್ರಕರಣವೇ ಇಲ್ಲ’ ಎಂದು ಗಟ್ಟಿಯಾಗಿ ವಾದಿಸಬಹುದು.

ಆಗ ಪ್ರಾಸಿಕ್ಯೂಷನ್ ಹಳೆಯ ಎರಡು ಶಿಕ್ಷೆಗಳನ್ನು ಆರೋಪಿಯ ಹಳೆಯ ನಡತೆಯನ್ನು ಸಾಕ್ಷ್ಯವಾಗಿ ತರಲು ಬಿಡುವ, 2003ರ ಕಾಯ್ದೆಯ ಕಲಂ 101(1)(ಡಿ) ಅಡಿ ಮುಂದೆ ತಳ್ಳುತ್ತದೆ. ಕ್ರೌನ್ ಕೋರ್ಟಿನಲ್ಲಿ ತಪ್ಪಿತಸ್ಥನಲ್ಲ ಎಂದ 10 ಕೆಲಸದ ದಿನದೊಳಗೆ ಅದರ ನೋಟಿಸು ಬರಬೇಕು. 2005ರ ಹ್ಯಾನ್ಸನ್ ತೀರ್ಪಿನಲ್ಲಿ ಎಲ್ಲರೂ ಮೂರು ಪ್ರಶ್ನೆಗಳನ್ನು ಬಾಯಿಪಾಠ ಮಾಡುತ್ತಾರೆ: ಪ್ರವೃತ್ತಿ ಇದೆಯೇ, ಅದರಿಂದ ಈ ಅಪರಾಧ ಹೆಚ್ಚು ಸಂಭವನೀಯವಾಗುತ್ತದೆಯೇ, ಸೇರಿಸುವುದು ನ್ಯಾಯವೇ. ಅದೇ ತೀರ್ಪಿನಲ್ಲಿರುವ ಇನ್ನೊಂದು ಮಾತು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ: ದುರ್ಬಲ ಪ್ರಕರಣಕ್ಕೆ ಊರುಗೋಲಾಗಿ ಹಳೆಯ ದಾಖಲೆ ತರಬಾರದು. ಅಂದರೆ ಗುರುತಿನ ಜಗಳ ಮೊದಲು ಮುಗಿಯಬೇಕು. ಅದರಲ್ಲಿ ಗೆದ್ದರೆ ಹಳೆಯ ದಾಖಲೆಯ ವಿರುದ್ಧದ ವಾದವೂ ತಾನಾಗಿ ಬಲವಾಗುತ್ತದೆ.

ಯಾವ ಕೋರ್ಟು, ಎಷ್ಟು ಶಿಕ್ಷೆ

ಮನೆಗಳ್ಳತನ ಮ್ಯಾಜಿಸ್ಟ್ರೇಟ್ ಕೋರ್ಟು, ಕ್ರೌನ್ ಕೋರ್ಟು ಎರಡರಲ್ಲೂ ನಡೆಯಬಹುದಾದ ಅಪರಾಧ ಎಂದು ಬರೆದು ಮುಂದೆ ಹೋಗುವುದು ಇಲ್ಲಿ ದೊಡ್ಡ ತಪ್ಪು. ಸೆಂಟೆನ್ಸಿಂಗ್ ಆ್ಯಕ್ಟ್ 2020ರ ಕಲಂ 314ರಂತೆ, 18 ತುಂಬಿದವನ ಮೂರನೆಯ ಮನೆಗಳ್ಳತನಕ್ಕೆ ಕನಿಷ್ಠ 3 ವರ್ಷ ಜೈಲು, ಮತ್ತು ಅಂಥ ಪ್ರಕರಣ ಕ್ರೌನ್ ಕೋರ್ಟಿಗೇ ಹೋಗಬೇಕು. ಆದರೆ ಎರಡು ಹಳೆಯ ಶಿಕ್ಷೆ ಇದ್ದರೆ ಸಾಲದು. ಅವುಗಳಲ್ಲಿ ಎರಡನೆಯ ಕೃತ್ಯ ನಡೆದದ್ದು ಮೊದಲನೆಯದಕ್ಕೆ ಅಪರಾಧಿ ಎನಿಸಿಕೊಂಡ ಮೇಲೆಯೇ ಆಗಿರಬೇಕು. 2018ರ ಸೆಪ್ಟೆಂಬರ್ ಆದ ಮೇಲೆ 2021ರ ಜನವರಿ, ಆದ್ದರಿಂದ ನಿಯಮ ಅನ್ವಯಿಸುತ್ತದೆ. ಎರಡನೆಯ ಕಳ್ಳತನ 2018ರ ಜೂನ್‌ನಲ್ಲಿ ಆಗಿದ್ದರೆ, ಶಿಕ್ಷೆ 2021ರಲ್ಲೇ ಬಂದಿದ್ದರೂ, ಅನ್ವಯಿಸುತ್ತಿರಲಿಲ್ಲ. ದಾಖಲೆಯ ಹಾಳೆಯಲ್ಲಿ ಶಿಕ್ಷೆಯ ದಿನದ ಜೊತೆ ಕೃತ್ಯದ ದಿನವನ್ನೂ ಓದಬೇಕು.

ಮಾರ್ಚ್ 6ರಂದು ಮ್ಯಾಜಿಸ್ಟ್ರೇಟರು ಪ್ರಕರಣವನ್ನು ಮೇಲಕ್ಕೆ ಕಳಿಸುತ್ತಾರೆ. ಜಾಮೀನು ಸಿಗದಿದ್ದರೆ ಕಸ್ಟಡಿಯ ಮಿತಿ 182 ದಿನ.

ನ್ಯಾಯಾಧೀಶರು ಅನುಸರಿಸಬೇಕಾದ ಶಿಕ್ಷೆಯ ಮಾರ್ಗಸೂಚಿಯ ಲೆಕ್ಕ ಮೊದಲು, ಕನಿಷ್ಠ ಶಿಕ್ಷೆಯ ಲೆಕ್ಕ ಆಮೇಲೆ. ಕಳ್ಳತನಕ್ಕೆ ಸಲಕರಣೆ ತಂದಿದ್ದ, ಆದ್ದರಿಂದ ದೋಷದ ಮಟ್ಟ ಬಿ. ಮನೆಯಾಕೆ ಒಳಗಿದ್ದರು, ಆದ್ದರಿಂದ ಹಾನಿಯ ವರ್ಗ 1. ಆರಂಭದ ಅಂಕಿ 2 ವರ್ಷ, ವ್ಯಾಪ್ತಿ 1ರಿಂದ 4 ವರ್ಷ. ಎರಡು ಹಳೆಯ ಮನೆಗಳ್ಳತನಗಳು ಮೇಲಕ್ಕೆ ಎಳೆಯುತ್ತವೆ, 3 ವರ್ಷ 6 ತಿಂಗಳು ಎಂದಿಟ್ಟುಕೊಳ್ಳಿ, ಅಂದರೆ 42 ತಿಂಗಳು. ಕೋರ್ಟಿನಲ್ಲಿ ವಿಚಾರಣೆ ನಡೆದು ಸೋತರೆ ಅಷ್ಟೂ. ಕ್ರೌನ್ ಕೋರ್ಟಿನ ಮೊದಲ ಹಾಜರಿಯಲ್ಲಿ ಒಪ್ಪಿಕೊಂಡರೆ ಕಾಲು ಭಾಗ ಕಡಿಮೆ, 31 ತಿಂಗಳೂವರೆ. ವಿಚಾರಣೆಯ ಮೊದಲ ದಿನ ಒಪ್ಪಿದರೆ ಹತ್ತನೇ ಒಂದು ಭಾಗ. ಮ್ಯಾಜಿಸ್ಟ್ರೇಟ್ ಕೋರ್ಟಿನ ಮೊದಲ ಹಾಜರಿಯಲ್ಲೇ ಒಪ್ಪಿದರೆ ಮೂರನೇ ಒಂದು ಭಾಗ ಕಡಿಮೆಯಾಗಿ 28 ತಿಂಗಳು ಆಗಬೇಕು.

ಆಗುವುದಿಲ್ಲ. ಕನಿಷ್ಠ ಶಿಕ್ಷೆ ಇರುವಲ್ಲಿ ತಪ್ಪೊಪ್ಪಿಗೆಯ ರಿಯಾಯಿತಿ ಆ ಕನಿಷ್ಠದ ಶೇ. 80ಕ್ಕಿಂತ ಕೆಳಗೆ ಇಳಿಸುವಂತಿಲ್ಲ. 3 ವರ್ಷವೆಂದರೆ 1,095 ದಿನ, ಅದರ ಶೇ. 80 ಅಂದರೆ 876 ದಿನ, ಎರಡು ವರ್ಷದ ಮೇಲೆ 146 ದಿನ. 28 ತಿಂಗಳು ಅದಕ್ಕಿಂತ ಮೂರು ವಾರದಷ್ಟು ಕಡಿಮೆ, ಹಾಗಾಗಿ 876 ದಿನಕ್ಕೇ ನಿಲ್ಲುತ್ತದೆ. ಆಗಿನ ನಿಯಮದಂತೆ ಶಿಕ್ಷೆ ಅಮಾನತಿನಲ್ಲಿಡಲು ಅದು 2 ವರ್ಷ ಮೀರಿರಬಾರದಿತ್ತು, ಆದ್ದರಿಂದ ಆ ಆಸೆಯೂ ಇಲ್ಲ. 2022ರ ಜೂನ್ 28ರಿಂದೀಚೆಗಿನ ಕೃತ್ಯಗಳಿಗೆ ಕನಿಷ್ಠದಿಂದ ತಪ್ಪಿಸಿಕೊಳ್ಳಲು ‘ಅಸಾಧಾರಣ ಸಂದರ್ಭ’ ಬೇಕು, ಬರೀ ಅನ್ಯಾಯವಾಗುತ್ತದೆ ಎನ್ನುವುದು ನಡೆಯುವುದಿಲ್ಲ. ಇಂಥ ಶಿಕ್ಷೆಯಲ್ಲಿ ಆ ಹೊತ್ತಿನ ನಿಯಮದಂತೆ ಶೇ. 40ರಷ್ಟು ಕಳೆದ ಮೇಲೆ ಬಿಡುಗಡೆ, ರಿಮ್ಯಾಂಡಿನ ದಿನಗಳು ಅದರಲ್ಲಿ ವಜಾ. ಜೊತೆಗೆ ಸಂತ್ರಸ್ತರ ನೆರವಿಗೆಂದು ಅಪರಾಧಿ ಕಟ್ಟುವ ಸರ್‌ಚಾರ್ಜ್, ಆಗ 228 ಪೌಂಡ್.

ಮೊದಲ ಹಾಜರಿಯ ರಿಯಾಯಿತಿ ಬೇಕಿದ್ದರೆ ‘ಒಪ್ಪಿಕೊಳ್ಳುವ ಸಾಧ್ಯತೆ ಇದೆ’ ಎಂದು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ತುಂಬುವ ಫಾರಂನಲ್ಲಿ ಬರೆದರೆ ಸಾಲದು, ಸ್ಪಷ್ಟ ಮಾತು ಬೇಕು ಎಂದು 2021ರ ಪ್ಲಾಕು ತೀರ್ಪು ಹೇಳಿದೆ. ಮಾರ್ಚ್ 6ರ ಬೆಳಿಗ್ಗೆ ಸಾಲಿಸಿಟರ್ ಕೈಯಲ್ಲಿ ಇರುವುದು ಕೆಲವೇ ಹಾಳೆಯ ಸಾರಾಂಶ. ಕಾರಿನ ವಿಡಿಯೊ ಸಾಮಾನ್ಯವಾಗಿ ಆಗಿನ್ನೂ ಬಂದಿರುವುದಿಲ್ಲ, ಫೋಟೊ ತೋರಿಸಿದ ಸಂಗತಿ ಆ ಸಾರಾಂಶದಲ್ಲಿ ಇರಲೂಬಹುದು, ಇಲ್ಲದಿರಲೂಬಹುದು. ಆರೋಪ ಏನೆಂದೇ ತಿಳಿಯಲು ಹೆಚ್ಚಿನ ಮಾಹಿತಿ ಬೇಕಿದ್ದರೆ ಮಾರ್ಗಸೂಚಿ ಕಾಯಲು ಬಿಡುತ್ತದೆ. ಪ್ರಾಸಿಕ್ಯೂಷನ್ ಎಷ್ಟು ಗಟ್ಟಿ ಎಂದು ನೋಡಲಿಕ್ಕೆ ಕಾಯುವವನಿಗೆ ಬಿಡುವುದಿಲ್ಲ. ಮನೆಯೊಳಗೆ ಹೋಗಿದ್ದನೋ ಇಲ್ಲವೋ ಆರೋಪಿಗೆ ಗೊತ್ತಿದೆ ಎಂಬ ತರ್ಕ ಅದರ ಹಿಂದೆ ಇರುವುದು.